ಆಸ್ಪತ್ರೆ ಸಾಲವೂ ಬೆಳೆ ಸಾಲವೇ



ಟ್ರಂಕಿನಲ್ಲಿ ಕಟ್ಟಿಟ್ಟಿರುವ ಸಾಲದ ಕಾಗದಗಳನ್ನು ಒಂದು ಸಂಜೆ ಹೊರಗೆ ತೆಗೆದು ಜಗಲಿ ಮೇಲೆ ಹರವಿಕೊಂಡು ಕೂತುಕೊಳ್ಳಿ. ಸೊಸೈಟಿಯ ಬೆಳೆ ಸಾಲದ ಪಾಸ್‌ಬುಕ್ಕು, ಬ್ಯಾಂಕಿನ ನೋಟೀಸು, ಒಡವೆ ಇಟ್ಟ ಚೀಟಿ, ಹೆಂಗಸರ ಸಂಘದ ವಾರದ ಕಂತಿನ ಪುಸ್ತಕ. ಒಂದೊಂದರ ಎದುರಿಗೂ ಆ ದುಡ್ಡು ನಿಜವಾಗಿ ಎಲ್ಲಿಗೆ ಹೋಯಿತು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಕಾಗದದಲ್ಲಿ ‘ರಾಗಿ, ಎರಡು ಎಕರೆ’ ಎಂದಿರುತ್ತದೆ. ನಿಮ್ಮ ಪೆನ್ಸಿಲು ‘ಅಪ್ಪನ ಹರ್ನಿಯಾ’ ಎಂದು ಬರೆಯುತ್ತದೆ. ‘ಹಸು ಸಾಲ’ ಎಂದಿರುವ ಕಡೆ ‘ಸೊಸೆಯ ಹೆರಿಗೆ, ಹೊಟ್ಟೆ ಕೊಯ್ದದ್ದು’ ಎಂದು ಬರೆಯಬೇಕಾಗುತ್ತದೆ. ಒಡವೆಯ ಚೀಟಿಯ ಕಥೆ ಕೇಳುವುದೇ ಬೇಡ.

ಇದನ್ನು ನಾವು ಸಭೆಗಳಲ್ಲಿ ಮಾತಾಡೋದೇ ಇಲ್ಲ. ಬೆಲೆ ಅಂದರೆ ಗಂಟಲು ಹರಿಯುವಂತೆ ಮಾತಾಡ್ತೀವಿ, ಕರೆಂಟು ಅಂದರೆ ಕಚೇರಿಗೆ ಮುತ್ತಿಗೆ ಹಾಕ್ತೀವಿ. ಕಾಯಿಲೆ ಅಂದರೆ ಮಾತ್ರ ಅದು ಅವರವರ ಹಣೆಬರಹ, ಮನೆಯೊಳಗಿನ ವಿಷಯ. ಬೆಲೆ ಮತ್ತು ಸಾಲವನ್ನೇ ಬರೆಯುವ ನಮ್ಮ ಪತ್ರಿಕೆಯಲ್ಲಿ ಆಸ್ಪತ್ರೆಯ ಮಾತು ಏಕೆ ಎಂದು ಕೇಳುವವರು ಮೊದಲು ಆ ಪೆನ್ಸಿಲಿನ ಲೆಕ್ಕ ಮುಗಿಸಿ ಬರಲಿ.

ಸರ್ಕಾರದ ಲೆಕ್ಕವೇ ಏನು ಹೇಳುತ್ತದೆ ನೋಡಿ. 2014ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹಳ್ಳಿಗಳಲ್ಲಿ ಆಸ್ಪತ್ರೆ ಸೇರಿದವರ ಮನೆಗಳಲ್ಲಿ ಸುಮಾರು ಕಾಲು ಭಾಗ ಮುಖ್ಯವಾಗಿ ಸಾಲದಿಂದಲೇ ಬಿಲ್ಲು ಕಟ್ಟಿದವು. 2017-18ರ ಸಮೀಕ್ಷೆಯಲ್ಲಿ ಹಳ್ಳಿಯ ರೋಗಿಯೊಬ್ಬ ಖಾಸಗಿ ಆಸ್ಪತ್ರೆ ಸೇರಿದರೆ ಸರಾಸರಿ ಖರ್ಚು 27,347 ರೂಪಾಯಿ. ಸರ್ಕಾರಿ ಆಸ್ಪತ್ರೆಯಾದರೆ 4,290. ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 1,900. ಅಂದರೆ ಒಂದು ಸಲ ಖಾಸಗಿ ಆಸ್ಪತ್ರೆಯಲ್ಲಿ ಮಲಗಿ ಎದ್ದರೆ ಹದಿನಾಲ್ಕು ಕ್ವಿಂಟಾಲು ರಾಗಿ ಹೋಯಿತು. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಏಳು ಕ್ವಿಂಟಾಲು ಬಂದರೆ ಒಳ್ಳೆ ವರ್ಷ ಅಂತೀವಿ. ಎರಡು ಎಕರೆಯ ಒಳ್ಳೆ ವರ್ಷ, ಮೊರಕ್ಕೂ ಬಾರದೆ, ಆಸ್ಪತ್ರೆಯ ಕೌಂಟರಿಗೆ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕಿದ್ದರೆ! ಸಂತೆಯಲ್ಲಿ ಸಿಕ್ಕ ಬೆಲೆಗೆ ಮಾರಿದವನ ಲೆಕ್ಕ ನೀವೇ ಹಾಕಿಕೊಳ್ಳಿ.

2019ರಲ್ಲಿ ಕರ್ನಾಟಕದ ರೈತ ಕುಟುಂಬವೊಂದರ ಮೇಲಿದ್ದ ಸಾಲ ಸರಾಸರಿ 1 ಲಕ್ಷ 26 ಸಾವಿರ ಎಂದು ಅದೇ ಸಮೀಕ್ಷೆಯವರು ಹೇಳಿದರು. ಇದರಲ್ಲಿ ಎಷ್ಟು ಗೊಬ್ಬರ, ಎಷ್ಟು ಗ್ಲೂಕೋಸು ಎಂದು ಬೇರೆ ಮಾಡಲು ಬ್ಯಾಂಕಿನ ಲೆಡ್ಜರು ನೋಡಿದರೆ ಆಗೋಲ್ಲ, ನಿಮ್ಮ ಪೆನ್ಸಿಲೇ ಬೇಕು.

2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಸಾಲ ಮನ್ನಾ ಮಾಡಿದಾಗ ಸಹಕಾರ ಸಂಘದ ಸಾಲ 1 ಲಕ್ಷದವರೆಗೆ, ಬ್ಯಾಂಕಿನದು 2 ಲಕ್ಷದವರೆಗೆ, ಅದೂ ಬೆಳೆ ಸಾಲ ಮಾತ್ರ ಎಂದಿತು. ಬೆಳೆ ಸಾಲದ ದುಡ್ಡನ್ನು ಆಸ್ಪತ್ರೆಗೆ ಸುರಿದವನು ಬಚಾವಾದ. ಬೆಳೆ ಸಾಲವನ್ನು ಬೆಳೆಗೇ ಹಾಕಿ, ಆಸ್ಪತ್ರೆಗೆ ಹೆಂಡತಿಯ ಓಲೆ ಅಡವಿಟ್ಟ ಪ್ರಾಮಾಣಿಕನ ಓಲೆ ಗಿರವಿ ಅಂಗಡಿಯಲ್ಲೇ ಉಳಿಯಿತು. 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸಿನವರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ಒಳ್ಳೆಯದೇ. ಮನೆ ಬಾಗಿಲಿಗೆ ಬಂದು ಕೂಗಾಡಬೇಡಿ ಎಂದಿತು. ಆ ಹೆಣ್ಣುಮಗಳು ಸಾಲಕ್ಕೆ ಕೈಯೊಡ್ಡಿದ್ದು ಯಾತಕ್ಕೆ ಎಂಬ ಪ್ರಶ್ನೆಯನ್ನು ಮಾತ್ರ ಅದು ಕೇಳಲಿಲ್ಲ.

ಬೆಲೆ ಕಟ್ಟುವವರಾದರೂ ಕೇಳುತ್ತಾರೆಯೇ? ಕೃಷಿ ವೆಚ್ಚ ಮತ್ತು ಬೆಲೆ ಆಯೋಗದವರು ಬಿತ್ತನೆ, ಗೊಬ್ಬರ, ಔಷಧಿ, ಕೂಲಿ, ಎತ್ತಿನ ಖರ್ಚು, ಮನೆಯವರ ದುಡಿಮೆ ಎಂದು ಪಟ್ಟಿ ಮಾಡುತ್ತಾರೆ. ನೇಗಿಲು, ಪಂಪ್‌ಸೆಟ್ಟು ವರ್ಷ ವರ್ಷ ಸವೆಯುತ್ತದೆಂದು ಅದಕ್ಕೊಂದು ಸವಕಳಿ ಲೆಕ್ಕವಿದೆ. ನೇಗಿಲು ಹಿಡಿದವನ ಬೆನ್ನುಮೂಳೆಗೆ ಆ ಪಟ್ಟಿಯಲ್ಲಿ ಸವಕಳಿ ಇಲ್ಲ. ಔಷಧಿ ಹೊಡೆದು ಕೆಮ್ಮುವವನ ಎದೆಗೂ ಇಲ್ಲ. ನಾವು ‘ವೈಜ್ಞಾನಿಕ ಬೆಲೆ’ ಎಂದು ನಲವತ್ತು ವರ್ಷದಿಂದ ಕೂಗುತ್ತಿದ್ದೇವಲ್ಲ, ಆ ಕೂಗಿನಲ್ಲೂ ಈ ಬಾಬತ್ತು ಸೇರಿಲ್ಲ. ಸೇರಬೇಕು.

ಈಗ ನಮ್ಮ ಪತ್ರಿಕೆಯ ಕೆಲಸ ನಡೆಯುವ ಹೊಸಹಳ್ಳಿಗೆ ಬನ್ನಿ. ಹೆಸರಿಗೆ ಹಳ್ಳಿ. ಹೊಲ ಗದ್ದೆ ಎಲ್ಲ ವಿಜಯನಗರದ ಬಡಾವಣೆಯೊಳಗೆ ಕರಗಿ ಈಗ ಮೆಟ್ರೋ ನಿಲ್ದಾಣದ ಬೋರ್ಡಿನ ಮೇಲೆ ಹಳ್ಳಿ ಉಳಿದಿದೆ. ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ನಿಂತರೆ ಮಾಗಡಿ ಕಡೆಯಿಂದ ಬರುವ ಬಸ್ಸುಗಳಲ್ಲಿ ನಮ್ಮವರನ್ನು ಗುರುತು ಹಿಡಿಯಬಹುದು: ಕೈಯಲ್ಲಿ ಎಕ್ಸ್‌ರೇ ಕವರು, ಮತ್ತೊಂದು ಕೈಯಲ್ಲಿ ಬುತ್ತಿ ಚೀಲ. ವಿಕ್ಟೋರಿಯಾಕ್ಕೋ ಕಿದ್ವಾಯಿಗೋ ನಿಮ್ಹಾನ್ಸಿಗೋ ದಾರಿ ಕೇಳುತ್ತಾರೆ. ಇಲ್ಲಿಂದ ಹತ್ತಿರದಲ್ಲೇ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ. ಅದರ ಗೇಟಿನೊಳಗೆ ಅವರಿಗೆ ಕೆಲಸವಿಲ್ಲ, ಯಾಕಂದರೆ ಅದು ಕಾರ್ಖಾನೆ ಕಾರ್ಮಿಕರದು.

ಕಾರ್ಮಿಕರ ಮೇಲೆ ಹೊಟ್ಟೆಕಿಚ್ಚು ಪಡಲು ಇದನ್ನು ಬರೆಯುತ್ತಿಲ್ಲ, ಅವರಲ್ಲಿ ಬಹುಪಾಲು ನಮ್ಮ ಮಕ್ಕಳೇ. ಆದರೆ ಆ ಕಾನೂನು ಏನೆಂದು ತಿಳಿದಿರಲಿ. 1948ರ ಕಾನೂನು ಅದು. 2019ರ ಜುಲೈಯಿಂದ ಕಾರ್ಮಿಕನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ. ಇಷ್ಟಕ್ಕೆ ಜ್ವರದ ಮಾತ್ರೆಯಿಂದ ಹಿಡಿದು ಆಪರೇಷನ್ನಿನವರೆಗೆ ಮನೆಯವರಿಗೆಲ್ಲ ಚಿಕಿತ್ಸೆ. ಕಾಯಿಲೆ ಮಲಗಿದ ದಿನಗಳಿಗೆ ಸಂಬಳದ ನೂರಕ್ಕೆ 70 ಪಾಲು, ವರ್ಷಕ್ಕೆ 91 ದಿನದವರೆಗೆ. ಬಿತ್ತನೆ ಕಾಲದಲ್ಲಿ ರೈತ ಹದಿನೈದು ದಿನ ಮಲಗಿದರೆ ಅವನಿಗೆ ಸಿಗುವುದೇನು? ಬೀಳು ಬಿದ್ದ ಹೊಲ. ಅಲ್ಲಿ ಮಾಲೀಕನಿದ್ದಾನೆ, ಕಟ್ಟುತ್ತಾನೆ, ನಿಮಗೆ ಮಾಲೀಕ ಯಾರು ಅಂತ ಅಧಿಕಾರಿಗಳು ನಗುತ್ತಾ ಕೇಳ್ತಾರೆ. ಸಕ್ಕರೆ ಕಾರ್ಖಾನೆ ನಮ್ಮ ಕಬ್ಬು ಕೊಳ್ಳುವುದಿಲ್ಲವೇ? ಮಂಡಿಯವನು ನಮ್ಮ ರಾಗಿ, ತೊಗರಿ ಕೊಳ್ಳುವುದಿಲ್ಲವೇ? ನಮ್ಮ ದುಡಿಮೆಯಿಂದ ಲಾಭ ಮಾಡುವವನೇ ನಮ್ಮ ಮಾಲೀಕ; ಅವನ ಪಾಲಿನ ಮೂರೂಕಾಲನ್ನು ಅಲ್ಲೇ ಹಿಡಿಯಿರಿ. ಉಳಿದದ್ದನ್ನು ಈ ಅನ್ನ ಉಣ್ಣುವ ದೇಶ ಕೊಡಲಿ.

ಯಶಸ್ವಿನಿ ಇದೆಯಲ್ಲ ಎನ್ನುತ್ತೀರಿ. ಸೊಸೈಟಿಯಲ್ಲಿ ಹಣ ಕಟ್ಟುವ ಕಾಲ ಬಂದಾಗಲೆಲ್ಲ ನಮ್ಮ ತಾಲ್ಲೂಕು ಘಟಕಗಳಲ್ಲೇ ಎರಡು ಮಾತು ಏಳುತ್ತವೆ. ಒಂದು ಗುಂಪು, ಕಾರ್ಡು ಬಂತು ಇನ್ನೇನು ಭಯವಿಲ್ಲ ಎನ್ನುತ್ತದೆ. ಇನ್ನೊಂದು, ನಮ್ಮ ದುಡ್ಡು ಒಟ್ಟು ಮಾಡಿ ಖಾಸಗಿ ಆಸ್ಪತ್ರೆಯವರ ಹುಂಡಿ ತುಂಬಿಸುವ ತಂತ್ರ, ಬಹಿಷ್ಕರಿಸಿ ಎನ್ನುತ್ತದೆ. ಈ ಜಗಳಕ್ಕೆ ಪತ್ರಿಕೆಯ ಅಭಿಪ್ರಾಯ ಏನೆಂದು ಹಲವರು ಕೇಳಿದ್ದಾರೆ.

ಮೊದಲು ಅದರ ಚರಿತ್ರೆ. ಯೋಜನೆಯನ್ನು ಘೋಷಿಸಿದ್ದು 2002ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಲ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆ, ಸಹಕಾರ ಇಲಾಖೆಯ ಜಾಲ. 2003ರ ಜೂನ್‌ನಿಂದ ಚಿಕಿತ್ಸೆ ಆರಂಭ. ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು. ಬಡ ರೈತ ವಿಮೆ ಕಟ್ಟುವುದಿಲ್ಲ ಎನ್ನುತ್ತಿದ್ದ ವಿಮಾ ಕಂಪನಿಗಳ ಬಾಯಿ ಮುಚ್ಚಿತು. ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ಹೊಲದ ಯಂತ್ರಕ್ಕೆ ಕೈ ಸಿಕ್ಕಿದ್ದು ಎಂದೆಲ್ಲ ಆ ಪಟ್ಟಿಯಲ್ಲಿ ಇದ್ದದ್ದನ್ನು ನೋಡಿದರೆ ಬರೆದವನು ಎಂದಾದರೂ ಕೊಟ್ಟಿಗೆಯೊಳಗೆ ಕಾಲಿಟ್ಟಿದ್ದಾನೆ ಅನಿಸುತ್ತದೆ. ಮೂರನೇ ವರ್ಷ ಕಂತನ್ನು 60ರಿಂದ 120ಕ್ಕೆ ಏರಿಸಿದರು. 20 ಲಕ್ಷ ದಾಟಿದ್ದ ಸದಸ್ಯರು 15 ಲಕ್ಷಕ್ಕೂ ಕೆಳಗೆ ಇಳಿದರು. ತಲೆಗೆ ಅರವತ್ತು ರೂಪಾಯಿ ಹೆಚ್ಚಿಗೆ ಎಂದರೆ ಐದು ಲಕ್ಷಕ್ಕೂ ಮೇಲೆ ಜನ ಹೊರಗೆ. ಇದನ್ನು ನೆನಪಿಡಿ, ಕಂತು ಏರಿಸುವ ಮಾತು ಬಂದಾಗಲೆಲ್ಲ ಬೇಕಾಗುತ್ತದೆ. ಆಮೇಲೆ ನಿಧಾನವಾಗಿ ಚೇತರಿಸಿಕೊಂಡು 40 ಲಕ್ಷ ಮೀರಿ ಬೆಳೆದಿದ್ದ ಯೋಜನೆಯನ್ನು 2018ರಲ್ಲಿ ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿಸಿ ನಿಲ್ಲಿಸಿಬಿಟ್ಟರು. ಹೊಸದರಲ್ಲಿ ಬಿ.ಪಿ.ಎಲ್. ಕಾರ್ಡಿನವರಿಗೆ ಪೂರ್ತಿ ವೆಚ್ಚ, ಎ.ಪಿ.ಎಲ್. ಕಾರ್ಡಿನವರಿಗೆ ನೂರಕ್ಕೆ 30 ಮಾತ್ರ. ಎರಡು ಎಕರೆ ಒಣ ಭೂಮಿಯವನು ಯಾವುದೋ ಕಾರಣಕ್ಕೆ ಎ.ಪಿ.ಎಲ್. ಆಗಿದ್ದರೆ ಮಿಕ್ಕ 70ಕ್ಕೆ ಮತ್ತೆ ಗಿರವಿ ಅಂಗಡಿ. ಒತ್ತಾಯ ಜೋರಾದ ಮೇಲೆ 2022ರ ನವೆಂಬರಿನಲ್ಲಿ ಯಶಸ್ವಿನಿಗೆ ಮತ್ತೆ ಸದಸ್ಯರನ್ನು ಸೇರಿಸಿಕೊಂಡು, 2023ರ ಜನವರಿಯಿಂದ ಚಿಕಿತ್ಸೆ ಶುರು ಮಾಡಿದರು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ಬಹಿಷ್ಕಾರದ ಮಾತು ನಮಗೆ ಒಪ್ಪಿಗೆಯಿಲ್ಲ. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ವಿದ್ವಾಂಸರು ಪರೀಕ್ಷೆ ಮಾಡಿದ್ದಾರೆ. ಯೋಜನೆ ಬಂದ ಹಳ್ಳಿಗಳನ್ನೂ ಪಕ್ಕದಲ್ಲೇ ಇದ್ದು ಯೋಜನೆ ಬಾರದ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಬರೆದರು: ಬಡವರಲ್ಲಿ, ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದಾಗುವ ಸಾವು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಹೃದಯ, ಕ್ಯಾನ್ಸರು, ಕಿಡ್ನಿಗೆ ಕಾರ್ಡು ಜೀವ ಉಳಿಸುತ್ತದೆ. ಇರುವ ಕೊಡೆಯನ್ನು ತೂತಿದೆ ಎಂದು ಮಳೆಯಲ್ಲಿ ಯಾರೂ ಎಸೆಯುವುದಿಲ್ಲ. ಆದ್ದರಿಂದ ಕಟ್ಟಿ. ಸೊಸೈಟಿ ಕಾರ್ಯದರ್ಶಿಯಿಂದ ರಸೀದಿ ತೆಗೆದುಕೊಳ್ಳಿ, ಮನೆಯ ಎಲ್ಲರ ಹೆಸರೂ ಇದೆಯೇ ಎಂದು ನೀವೇ ಓದಿ ನೋಡಿ.

ಆದರೆ ‘ಇನ್ನೇನು ಭಯವಿಲ್ಲ’ ಎನ್ನುವವರಿಗೆ ಹೇಳಬೇಕಾದ್ದು ಹೆಚ್ಚಿದೆ.

ಕಾರ್ಡು ಇರುವುದು ಆಪರೇಷನ್ನಿಗೆ, ಹಾಸಿಗೆ ಹಿಡಿದು ಮಲಗಿದ ಮೇಲಿನ ಚಿಕಿತ್ಸೆಗೆ. ಸಾಲ ಹುಟ್ಟುವುದು ಅದಕ್ಕೂ ಮುಂಚೆ. ಸಕ್ಕರೆ ಕಾಯಿಲೆ, ಬಿ.ಪಿ. ಈಗ ಪೇಟೆಯವರ ಸೊತ್ತಾಗಿ ಉಳಿದಿಲ್ಲ. ತಿಂಗಳು ತಿಂಗಳು ಮಾತ್ರೆ ನುಂಗಬೇಕು, ಬೆಲೆಯೇನೂ ಬೆಟ್ಟದಷ್ಟಲ್ಲ, ಆದರೆ ಪ್ರತಿ ತಿಂಗಳೂ ಬೇಕು. ಬೆಳೆ ಕೈಗೆ ಬರುವುದು ವರ್ಷಕ್ಕೆ ಒಂದು ಸಲ. ಊರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ‘ಸ್ಟಾಕ್ ಇಲ್ಲ, ಮುಂದಿನ ವಾರ ಬಾ’ ಅಂದರೆ, ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಯಿತು. ನಾಲ್ಕು ತಿಂಗಳು ಮಾತ್ರೆ ಬಿಟ್ಟವನ ಕಾಲಿನ ಹುಣ್ಣು ಮಾಯುವುದಿಲ್ಲ. ಕೊನೆಗೆ ಕಾಲು ತೆಗೆಯಬೇಕು ಎನ್ನುತ್ತಾರೆ. ಆಗ ಕಾರ್ಡು ಕೆಲಸಕ್ಕೆ ಬರುತ್ತದೆ! ಕಾಲು ತೆಗೆಯುವುದಕ್ಕೆ ದುಡ್ಡು ಕೊಡುವ ಸರ್ಕಾರ ಕಾಲು ಉಳಿಸುವ ಮಾತ್ರೆಗೆ ಲೆಕ್ಕ ಹಾಕುತ್ತದೆ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ದಲ್ಲಿ ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ನೋಡುವ ಏರ್ಪಾಡಿದೆ. ನೋಡಿ ಹೋದ ಮೇಲೆ ಮಾತ್ರೆ ತಪ್ಪದೆ ಬರುತ್ತದೆಯೇ ಎಂಬುದನ್ನು ನಾವು ಕಾಯಬೇಕು.

ಹಾವಿನ ವಿಷಯ ಇನ್ನೂ ಹತ್ತಿರದ್ದು. ರಾಗಿ ಕೊಯ್ಯುವಾಗ, ಹುಲ್ಲಿನ ಹೊರೆ ಎತ್ತುವಾಗ, ರಾತ್ರಿ ಕರೆಂಟು ಬಂತೆಂದು ಮೋಟಾರು ಹಾಕಲು ಹೋದಾಗ ಕೊಳಕುಮಂಡಲವೋ ಕಟ್ಟುಹಾವೋ ಕಚ್ಚುತ್ತದೆ. ರೈತರಿಗೆ ರಾತ್ರಿ ಕರೆಂಟು ಕೊಡುವವರು ಇದನ್ನೂ ಬಿಲ್ಲಿನಲ್ಲಿ ಬರೆದುಕೊಳ್ಳಲಿ. ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರ ಅಧ್ಯಯನ ಅಂದಾಜು ಮಾಡಿತು, ಬಹುಪಾಲು ಹಳ್ಳಿಯವರೇ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಸರಿಯಾದ ಕೆಲಸ. ಆದರೆ ವರದಿ ಬರೆಯುವುದರಿಂದ ವಿಷ ಇಳಿಯುವುದಿಲ್ಲ. ವಿಷಕ್ಕೆ ಮದ್ದು ಒಂದೇ, ಪ್ರತಿವಿಷದ ಇಂಜೆಕ್ಷನ್. ಮೊದಲ ಸಲಕ್ಕೇ ಎಂಟು ಹತ್ತು ಸೀಸೆ ಬೇಕಾಗುತ್ತದೆ, ಅದೂ ಬೇಗ, ಕೊಡಲು ಬಲ್ಲ ವೈದ್ಯರ ಕೈಯಲ್ಲಿ. ಈ ಮದ್ದು ತಯಾರಿಸಲು ಬೇಕಾದ ವಿಷದ ಬಹುಪಾಲನ್ನು ಹಿಡಿದು ಕೊಡುತ್ತಾ ಬಂದಿರುವವರು ತಮಿಳುನಾಡಿನ ಇರುಳರು, 1978ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು. ಬಡವರು ಹಾವು ಹಿಡಿದು ಮದ್ದಿಗೆ ವಿಷ ಕೊಟ್ಟಿದ್ದಾರೆ; ಅದನ್ನು ಫ್ರಿಜ್ಜಿನಲ್ಲಿಟ್ಟು ರಾತ್ರಿ ಬಾಗಿಲು ತೆರೆದಿಡುವುದಷ್ಟೇ ಸರ್ಕಾರದ ಪಾಲಿನ ಕೆಲಸ. ರಾತ್ರಿ ಹತ್ತು ಗಂಟೆಗೆ ಬೀಗ ಹಾಕಿದ ಕೇಂದ್ರದ ಮುಂದೆ ಜೇಬಿನಲ್ಲಿರುವ 5 ಲಕ್ಷದ ಕಾರ್ಡು ಏನು ಮಾಡುತ್ತದೆ? 2008ರಿಂದ 108 ಗಾಡಿ ಇದೆ, ಇಲ್ಲವೆನ್ನುವುದಿಲ್ಲ. ಗಾಡಿ ಹತ್ತಿರದ ಬಾಗಿಲು ಬಿಟ್ಟು ನಲವತ್ತು ಮೈಲಿ ಓಡಬೇಕಾದರೆ ವಿಷ ಗಾಡಿಗಿಂತ ವೇಗವಾಗಿ ಓಡುತ್ತದೆ.

ಸೊಸೈಟಿಯಲ್ಲಿ ಷೇರೇ ಇಲ್ಲದ ಕೂಲಿಯವನು, ವಾರಕ್ಕೆ ಗೇಯುವವನು ಯಶಸ್ವಿನಿಯ ಹೊರಗೇ ಉಳಿದ. ರೈತ ಸಂಘ ಎಂದರೆ ಪಹಣಿ ಇರುವವರ ಸಂಘ ಮಾತ್ರವಲ್ಲ ಎಂದು ನಾವೇ ಹೇಳಿಕೊಂಡು ಬಂದಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಪಹಣಿ ಕೇಳುವುದಿಲ್ಲ.

ಇದೇನು ಹೊಸ ವಿಚಾರವೇ? ಮೈಸೂರು ಸಂಸ್ಥಾನದಲ್ಲಿ 1929ರಲ್ಲೇ ಮಂಡ್ಯದಲ್ಲಿ, 1936ರಲ್ಲಿ ಆಗಿನ ಕ್ಲೋಸ್‌ಪೇಟೆ, ಈಗಿನ ರಾಮನಗರದಲ್ಲಿ ಹಳ್ಳಿಗಳಿಗಾಗಿ ಆರೋಗ್ಯ ಘಟಕ ತೆರೆದರು, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ. 1946ರ ಭೋರ್ ಸಮಿತಿ ಇಡೀ ದೇಶಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು, ದುಡ್ಡು ಕೊಡಲಾಗದವನು ಎಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. 1978ರಲ್ಲಿ ಅಲ್ಮಾ ಆಟಾದಲ್ಲಿ ಜಗತ್ತಿನ ಸರ್ಕಾರಗಳೆಲ್ಲ ಸೇರಿ 2000ಕ್ಕೆ ಎಲ್ಲರಿಗೂ ಆರೋಗ್ಯ ಎಂದು ಸಹಿ ಹಾಕಿದವು. 2000 ಬಂತು, ಹೋಯಿತು. ನಮ್ಮಲ್ಲಿ ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ, ಮಲೆನಾಡಿನಂಥ ಗುಡ್ಡಗಾಡಿನಲ್ಲಿ 20 ಸಾವಿರಕ್ಕೆ ಒಂದು ಕೇಂದ್ರ ಎಂಬ ನಿಯಮವಿದೆ. ಕಟ್ಟಡಗಳೂ ಅನೇಕ ಕಡೆ ಇವೆ, ಉದ್ಘಾಟನೆಯ ಕಲ್ಲಿನ ಸಮೇತ.

ಬಡ ದೇಶಗಳಿಗೆ ಇದು ಆಗದ ಮಾತು ಎನ್ನುವವರು ಥಾಯ್ಲೆಂಡನ್ನು ನೋಡಲಿ. ನಮ್ಮ ಹಾಗೆ ಭತ್ತ ಬೆಳೆಯುವ ದೇಶ. 1982ರಿಂದ 86ರವರೆಗಿನ ಯೋಜನೆಯಲ್ಲಿ ಪಟ್ಟಣಗಳಲ್ಲಿ ಹೊಸ ಆಸ್ಪತ್ರೆ ಕಟ್ಟುವುದನ್ನು ತಡೆಹಿಡಿದು ಆ ಹಣವನ್ನು ಜಿಲ್ಲೆ, ಹಳ್ಳಿಗಳ ಆಸ್ಪತ್ರೆಗಳಿಗೆ ತಿರುಗಿಸಿದರು. ಕಲಿತು ಬಂದ ವೈದ್ಯರು ಹಳ್ಳಿಯಲ್ಲಿ ಕೆಲಸ ಮಾಡಲೇಬೇಕೆಂದು 1972ರಿಂದಲೇ ಕಟ್ಟಳೆ ಇತ್ತು. (ನಮ್ಮಲ್ಲಿ 2012ರಲ್ಲಿ ಮಾಡಿದ ಅಂಥದೇ ಕಾಯ್ದೆ ಜಾರಿಗೆ ಬರಲು 2015 ಆಯಿತು.) ಆಮೇಲೆ, 2001-02ರಲ್ಲಿ, ಎಲ್ಲರಿಗೂ ಕಾರ್ಡು ಕೊಟ್ಟರು: ಒಂದು ಸಲ ಆಸ್ಪತ್ರೆಗೆ ಹೋದರೆ ಅವರ ದುಡ್ಡಿನಲ್ಲಿ 30 ಬಾತ್, ಅಷ್ಟೇ. ಉಳಿದದ್ದು ತೆರಿಗೆಯ ಹಣ. ಆಗ ಅವರೇನು ಶ್ರೀಮಂತರೇ? 1997ರ ಹಣಕಾಸಿನ ಕುಸಿತದಲ್ಲಿ ನೆಲಕಚ್ಚಿ ಏಳುತ್ತಿದ್ದವರು. ಮೊದಲು ಹಳ್ಳಿಯ ಆಸ್ಪತ್ರೆ, ಆಮೇಲೆ ಕಾರ್ಡು. ನಾವು ಗಾಡಿಯ ಹಿಂದೆ ಎತ್ತು ಕಟ್ಟಿದ್ದೇವೆ.

ಅಷ್ಟು ದೂರ ಬೇಡ ಎಂದರೆ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಇದೆ. 1996ರಲ್ಲಿ ಅಲ್ಲಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡು ಹಗಲು ರಾತ್ರಿ ನಡೆಯುವಂತೆ ಮಾಡಿತು. ಅದನ್ನು ಮೆಚ್ಚುತ್ತೇವೆ. ಎಲ್ಲ ಕೇಂದ್ರಗಳನ್ನೂ ಟ್ರಸ್ಟಿಗೆ ಕೊಟ್ಟುಬಿಡಿ ಎಂಬ ಮಾತನ್ನು ಒಪ್ಪುವುದಿಲ್ಲ. ಒಂದು ಟ್ರಸ್ಟಿಗೆ ಆಗುವ ಕೆಲಸ ಸರ್ಕಾರಕ್ಕೆ ಏಕೆ ಆಗದು, ಅದನ್ನು ಕೇಳಬೇಕಾದವರು ನಾವು.

ದುಡ್ಡಿಲ್ಲ ಎಂಬ ಉತ್ತರ ತಯಾರಿರುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ರೊಳಗೆ ದೇಶದ ಉತ್ಪನ್ನದಲ್ಲಿ ನೂರಕ್ಕೆ ಎರಡೂವರೆ ಭಾಗ ಸರ್ಕಾರದ ಆರೋಗ್ಯ ವೆಚ್ಚವಾಗಬೇಕೆಂದು ಬರೆದವರು ಅವರೇ. 2021-22ರಲ್ಲಿ, ಕೊರೋನಾ ಕಾಲದಲ್ಲೂ, ಅದು 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 39 ರೂಪಾಯಿ ಜನರ ಜೇಬಿನಿಂದ. 2013-14ರಲ್ಲಿ ಇದು 64 ಇತ್ತು, ಇಳಿದಿದೆ, ನಿಜ. ಇಳಿದ ಮೇಲೂ 39. ಜೇಬು ಎಂದು ಅವರು ಬರೆಯುವ ಕಡೆ ನಾವು ಗಿರವಿ ಅಂಗಡಿ ಎಂದು ಓದಿಕೊಳ್ಳಬೇಕು.

ಆದ್ದರಿಂದ ನಮ್ಮ ಬೇಡಿಕೆಗಳ ಪಟ್ಟಿಗೆ ಇವು ಸೇರಲಿ. ಬೆಲೆ ಆಯೋಗಗಳು, ದೆಹಲಿಯದೂ ನಮ್ಮ ರಾಜ್ಯದ್ದೂ, ರೈತ ಕುಟುಂಬದ ಚಿಕಿತ್ಸಾ ವೆಚ್ಚವನ್ನು ಉತ್ಪಾದನಾ ವೆಚ್ಚದಲ್ಲಿ ಹಿಡಿಯಬೇಕು. ಯಶಸ್ವಿನಿಯ ಕಂತು ಏರಬಾರದು, ಕೂಲಿಯವರಿಗೂ ಬಾಗಿಲು ತೆರೆಯಬೇಕು. ಮುಂದೆ ಸಾಲ ಮನ್ನಾ ಎಂಬ ಮಾತು ಬಂದಾಗ ಆಸ್ಪತ್ರೆಗಾಗಿ ಮಾಡಿದ ಸಾಲವೂ ಅದರೊಳಗೆ ಬರಬೇಕು. ಎಲ್ಲಕ್ಕಿಂತ ಮೊದಲು ಹೋಬಳಿಗೊಂದಾದರೂ ಆರೋಗ್ಯ ಕೇಂದ್ರ ರಾತ್ರಿಯೆಲ್ಲ ತೆರೆದಿರಬೇಕು, ವೈದ್ಯರ ಸಮೇತ, ಪ್ರತಿವಿಷದ ಸಮೇತ.

ಬೇಡಿಕೆ ಬರೆದು ಕೂತರೆ ಆಗೋಲ್ಲ. ಈ ತಿಂಗಳು ಪ್ರತಿ ಗ್ರಾಮ ಘಟಕದಿಂದ ನಾಲ್ಕು ಜನ, ಅದರಲ್ಲಿ ಇಬ್ಬರು ಹೆಂಗಸರು, ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಗಲಾಟೆ ಬೇಡ; ಅಲ್ಲಿಯ ನರ್ಸಮ್ಮ, ಆಶಾ ಕಾರ್ಯಕರ್ತೆ ನಮ್ಮ ಊರವರೇ, ನಮ್ಮಷ್ಟೇ ಕಷ್ಟದಲ್ಲಿರುವವರು. ಹಾವಿನ ವಿಷದ ಮದ್ದು ಇವತ್ತು ಎಷ್ಟು ಸೀಸೆ ಇದೆ, ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ, ರಾತ್ರಿ ಯಾರು ಇರುತ್ತಾರೆ, ವೈದ್ಯರ ಹುದ್ದೆ ಖಾಲಿಯಿದ್ದರೆ ಎಂದಿನಿಂದ, ಸಕ್ಕರೆ ಮತ್ತು ಬಿ.ಪಿ. ಮಾತ್ರೆ ಹಿಂದಿನ ಮೂರು ತಿಂಗಳಲ್ಲಿ ಎಷ್ಟು ದಿನ ಇರಲಿಲ್ಲ, ಆರೋಗ್ಯ ರಕ್ಷಾ ಸಮಿತಿಯ ಸಭೆ ಕೊನೆಗೆ ಯಾವಾಗ ನಡೆಯಿತು ಎಂದು ಕೇಳಿ ಬರೆದುಕೊಳ್ಳಿ. ಅದರ ಜೊತೆಗೆ ನಿಮ್ಮ ಊರಿನ ಹತ್ತು ಮನೆಗಳ ಪೆನ್ಸಿಲಿನ ಲೆಕ್ಕವನ್ನೂ, ಹೆಸರು ಬೇಡ, ಸಾಲದ ಮೊತ್ತ ಮತ್ತು ಕಾರಣ ಮಾತ್ರ, ಹೊಸಹಳ್ಳಿಯ ನಮ್ಮ ಕಚೇರಿಗೆ ಕಳಿಸಿ. ಬಂದದ್ದನ್ನು ಬಂದ ಹಾಗೆ ತಾಲ್ಲೂಕುವಾರು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ, ಒಂದು ಪ್ರತಿಯನ್ನು ಆರೋಗ್ಯ ಮಂತ್ರಿಗಳಿಗೂ ಇನ್ನೊಂದನ್ನು ಬೆಲೆ ಆಯೋಗದ ಅಧ್ಯಕ್ಷರಿಗೂ ಕೊಟ್ಟು ರಸೀದಿ ಪಡೆಯುತ್ತೇವೆ.